ಮೂರೂಕಾಲು ಕಿಲೋ ಮರಳು

2019ನೆಯ ಇಸವಿ ಜನವರಿ 18, ಶುಕ್ರವಾರ. ಆಧಾರ: ನನ್ನ ನೀಲಿ ರಟ್ಟಿನ ನೋಟುಪುಸ್ತಕ, ಪುಟ ನಲವತ್ತೊಂದು. ನನ್ನ ನೆನಪು ಈ ದಿನವನ್ನು ಆದಿತ್ಯವಾರವೆಂದೇ ಹೇಳುತ್ತ ಬಂದಿತ್ತು. ಅಂದು ಬೆಳಿಗ್ಗೆ ನಾವು ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರವಾಗಿ ಸಮುದ್ರಕ್ಕೆ ಹೋಗಿದ್ದೆವು ಎಂಬುದು ಅದಕ್ಕೆ ಕಾರಣ. ಬಹರೈನ್‌ನಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ನಮ್ಮ ಆದಿತ್ಯವಾರದ ಪೂಜೆಯೂ ಆ ದಿನವೇ ನಡೆಯುತ್ತದೆ. ವರ್ಷಗಳು ಕಳೆದಂತೆ ನೆನಪು ಇವೆರಡನ್ನು ಒಂದೇ ಮಾಡಿಬಿಡುತ್ತದೆ. ಹಳೆಯ ಕ್ಯಾಲೆಂಡರ್ ತೆಗೆದು ನೋಡಿ ವಾರವನ್ನು ತಿದ್ದಿಕೊಂಡಿದ್ದೇನೆ. ಉಳಿದದ್ದನ್ನೂ ಸಾಧ್ಯವಾದಷ್ಟು ಹೀಗೆಯೇ ತಾಳೆ ನೋಡಿ ಬರೆಯುತ್ತೇನೆ.

ಈಗ ಅದನ್ನು ಬರೆಯಲು ಹೊರಟದ್ದು ಒಂದು ವಾಸನೆಯಿಂದ. ಕಳೆದ ವಾರ ಊಟದ ಮೇಜಿನ ಕುರ್ಚಿಯೊಂದರ ಸೀಟು ಹರಿದುಹೋಗಿ, ಅದನ್ನು ಹೊತ್ತುಕೊಂಡು ಸೆಗಯಾ ಬಡಾವಣೆಯ ನಮ್ಮ ಬೀದಿಯ ಕೊನೆಯಲ್ಲಿರುವ ಹಸನಬ್ಬನವರ ಸೋಫಾ ಅಂಗಡಿಗೆ ಹೋಗಿದ್ದೆ. ಸ್ಪಂಜು ಅಂಟಿಸುವ ಗೋಂದಿನ ಡಬ್ಬಿಯ ಮುಚ್ಚಳ ತೆರೆದಿತ್ತು. ಆ ಘಾಟು ಮೂಗಿಗೆ ತಗುಲಿದ ಕೂಡಲೇ ನನ್ನ ಮೊಣಕಾಲಿನವರೆಗೆ ತಣ್ಣನೆಯ ಉಪ್ಪುನೀರು ಏರಿಬಂದ ಹಾಗಾಯಿತು. "ಸಿಸ್ಟರಿನ ಬೋರ್ಡಿಗೆ ಹಾಕಿದ್ದು ಇದೇ ಗಮ್ಮು ಸಾರ್," ಎಂದರು ಹಸನಬ್ಬ, ನಾನು ಬಾಯಿ ತೆರೆಯುವ ಮೊದಲೇ.

ಅವರು ಸಿಸ್ಟರ್ ಎಂದದ್ದು ಶರಲ್‌ಳನ್ನು. ನನ್ನ ಹೆಂಡತಿ ಲೀನಾ ನರ್ಸ್ ಆಗಿರುವ ಆಸ್ಪತ್ರೆಯಲ್ಲೇ ಆಕೆಯೂ ಮೂರು ವರ್ಷ ನರ್ಸ್ ಆಗಿದ್ದಳು. ಮೂಲ್ಕಿಯ ಅಳಿವೆಬಾಗಿಲಿನ ಹತ್ತಿರ ಹುಟ್ಟಿ ಬೆಳೆದವಳು. ಈಗ ಕೆನಡಾದಲ್ಲಿ, ಒಂದು ದೊಡ್ಡ ಸಿಹಿನೀರಿನ ಸರೋವರದ ದಂಡೆಯ ಊರಿನಲ್ಲಿದ್ದಾಳೆ. ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕುವುದಕ್ಕಾಗಿ ತನ್ನ ಹತ್ತು ವರ್ಷದ ಓಡಾಟವನ್ನೆಲ್ಲ ದಿನಾಂಕಸಹಿತ ಒಪ್ಪಿಸಬೇಕಾಗಿ ಬಂದು, ಹಳೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ನನಗೆ ಕಳಿಸಿದ್ದಳು. "ಬಾವ, ತಾರೀಕಿನ ತಪ್ಪು ಹುಡುಕ್ಲಿಕ್ಕೆ ನಿಮ್ಮಷ್ಟು ಖುಷಿ ಪಡುವವರು ನನಗೆ ಬೇರೆ ಯಾರೂ ಗೊತ್ತಿಲ್ಲ," ಎಂದು ಬರೆದಿದ್ದಳು. ಅಂಗಡಿಯಿಂದ ಬಂದವನು ಆ ಕಾಗದಗಳ ಪಕ್ಕದಲ್ಲಿ ನನ್ನ ನೀಲಿ ನೋಟುಪುಸ್ತಕವನ್ನೂ ತೆರೆದಿಟ್ಟುಕೊಂಡೆ.

ನಾನು ಹಾಸನದ ಕಡೆಯವನು. ಮೂವತ್ತಮೂರು ವರ್ಷ ಒಂದು ಸಂಶೋಧನಾ ಕೇಂದ್ರದಲ್ಲಿ ಜಲಾಶಯಗಳ ಅಲೆಗಳನ್ನು ಅಳೆದೆ. ಗಾಳಿ ಬೀಸಿದಾಗ ಅಣೆಕಟ್ಟಿನ ಒಡಲಿಗೆ ಅಲೆ ಎಷ್ಟು ಎತ್ತರಕ್ಕೆ ಏರುತ್ತದೆ, ಎಷ್ಟು ಹೊತ್ತಿಗೊಂದು ಬರುತ್ತದೆ ಎಂಬುದೇ ನನ್ನ ಕೆಲಸ. ನಿವೃತ್ತಿಯ ಆದೇಶದಲ್ಲಿರುವ ದಿನಾಂಕ 2018ರ ಜುಲೈ 31. ಪಾಸ್‌ಪೋರ್ಟಿನ ಮುದ್ರೆಯ ಪ್ರಕಾರ ಆಗಸ್ಟ್ 23ಕ್ಕೆ ಬಹರೈನ್‌ಗೆ ಬಂದಿಳಿದೆ. ಅಷ್ಟು ವರ್ಷ ರಜೆಯಲ್ಲಿ ಮಾತ್ರ ಕೂಡಿ ಬಾಳಿದ್ದ ಗಂಡಹೆಂಡತಿ ನಾವು. ಇನ್ನು ಮುಂದೆ ಒಂದೇ ಮನೆಯಲ್ಲಿ ಇರೋಣವೆಂದು ಲೀನಾಳೇ ನನ್ನನ್ನು ತನ್ನ ವೀಸಾದಲ್ಲಿ ಕರೆಸಿಕೊಂಡಿದ್ದಳು. ಇಲ್ಲಿನ ಗುರುತಿನ ಚೀಟಿ ಕೈಗೆ ಬಂದಾಗ ಉದ್ಯೋಗದ ಮುಂದೆ ಏನೂ ಇಲ್ಲ ಎಂಬರ್ಥದ ಅರಬಿ ಪದವಿತ್ತು. ಅದನ್ನು ಓದಿ ಹೇಳಿದವರು ಹಸನಬ್ಬ. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಆ ವರ್ಷದ ಕೊನೆಯ ತಿಂಗಳುಗಳ ಬಗ್ಗೆ ನೋಟುಪುಸ್ತಕದಲ್ಲಿ ಏನೂ ಇಲ್ಲ. ಆ ಖಾಲಿ ಪುಟಗಳೂ ಒಂದು ದಾಖಲೆಯೇ. ಲೀನಾ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಟರೆ ನಾನು ಪರದೆ ಎಳೆದುಕೊಂಡು, ಊರಿನಿಂದ ತಂದಿದ್ದ ಹಳೆಯ ಕೋಷ್ಟಕಗಳನ್ನು ಮಡಿಲಲ್ಲಿಟ್ಟುಕೊಂಡು ಸೋಫಾದಲ್ಲಿ ಕೂತಿರುತ್ತಿದ್ದೆ. ಪೂಜೆಗಲ್ಲದೆ ಲಿಫ್ಟ್ ಇಳಿಯುತ್ತಿರಲಿಲ್ಲ. ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸುತ್ತಿದ್ದೆ. "ಸೋಫಾದ ಮೇಲೆ ನಿಮ್ಮ ಅಚ್ಚು ಬಿದ್ದಿದೆ. ಹಸನಬ್ಬನವರಿಗೆ ತೋರಿಸ್ಬೇಕು," ಎಂದಳು ಲೀನಾ ಒಂದು ದಿನ. ತಮಾಷೆಗೆ ಹೇಳಿದ್ದಲ್ಲವೆಂದು ಆಗ ನನಗೆ ತಿಳಿಯಲಿಲ್ಲ.

ಮೊದಲ ಬರಹವಿರುವುದು 2019ರ ಜನವರಿ 4, ಶುಕ್ರವಾರದ ಪುಟದಲ್ಲಿ. ಅಂದು ಶರಲ್ ಊಟಕ್ಕೆ ಬಂದಿದ್ದಳು. ಸಾನ್ನಾ, ಕೋಳಿ ಸಾರು; ಆಮೇಲೆ ಕ್ರಿಸ್ಮಸ್ಸಿನ ಡಬ್ಬಿಯ ತಳದಲ್ಲಿ ಉಳಿದಿದ್ದ, ಕರ್ಜಿಕಾಯಿಯಂಥ ನೆವ್ರಿ. ಅದನ್ನು ಕಡಿಯುತ್ತ ಆಕೆ ಕೇಳಿದಳು:

"ಬಾವ, ಕೆರೆಯಲ್ಲಿ ಅಲೆ ಬರ್ತದಾ?"

"ಎಷ್ಟು ದೊಡ್ಡ ಕೆರೆ?"

"ಆಚೆ ದಡ ಕಾಣುದಿಲ್ಲವಂತೆ."

ಸಂಗತಿ ಹೊರಬಂತು. ಕೆನಡಾದ ಆಸ್ಪತ್ರೆಯಿಂದ ಕೆಲಸದ ಕರೆ ಬಂದಿತ್ತು. ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಬೇಕು. ಹೋಗುವುದಕ್ಕೆ ಅಡ್ಡಿಯಾದ ಸಂಗತಿ ಒಂದೇ. ಚಿಕ್ಕಂದಿನಿಂದ ಅಣ್ಣತಮ್ಮಂದಿರೊಂದಿಗೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡಿದವಳು ಅವಳು. ಸರ್ಫಿಂಗ್ ಎಂಬ ಹೆಸರು ಅವಳ ಊರಿಗೆ ಬರುವ ಮೊದಲು ಮುರಿದ ದೋಣಿಯ ಹಲಗೆಯಲ್ಲೇ ಕಲಿತದ್ದಂತೆ.

"ಇಲ್ಲಿ ಮೂರು ವರ್ಷ ಅಲೆ ಇಲ್ಲದೆ ಇದ್ದದ್ದೇ ಸಾಕಾಗಿದೆ," ಎಂದಳು. "ಸುತ್ತ ಸಮುದ್ರ ಉಂಟು, ತಟ್ಟೆಯಲ್ಲಿಟ್ಟ ನೀರಿನ ಹಾಗೆ. ಇನ್ನು ಅಲ್ಲಿ ಹೋಗಿ ಕೆರೆ ನೋಡ್ತಾ ಮುದುಕಿ ಆಗ್ಬೇಕಾ? ಅಲೆ ಇಲ್ಲದಿದ್ರೆ ನಾನು ಹೋಗುದಿಲ್ಲ."

"ಇಲ್ಲಿ ಅಲೆ ಇಲ್ಲವೆಂದು ಯಾರು ಹೇಳಿದ್ದು?" ಎಂದೆ. ನನ್ನ ಸ್ವರ ನನಗೇ ಹೊಸದಾಗಿ ಕೇಳಿಸಿತು.

ಅಂದು ನಾನು ಹೇಳಿದ್ದರ ಸಾರ ಇಷ್ಟು. ಮೂಲ್ಕಿಯ ಅಲೆ ಸಾವಿರಾರು ಮೈಲಿ ಆಚೆಗಿನ ಬಿರುಗಾಳಿಯಲ್ಲಿ ಹುಟ್ಟಿ, ನಿಧಾನವಾಗಿ ಉದ್ದವಾಗುತ್ತ ಬರುತ್ತದೆ. ಸರೋವರಕ್ಕೆ ಅಷ್ಟು ದೂರವಿಲ್ಲ. ಅಲ್ಲಿನ ಅಲೆ ಕಣ್ಣೆದುರಿನ ಗಾಳಿಗೇ ಹುಟ್ಟಬೇಕು. ಅದು ಗಿಡ್ಡ, ಚೂಪು, ಒಂದರ ಬೆನ್ನಿಗೆ ಇನ್ನೊಂದು. ಈ ಕೊಲ್ಲಿಯೂ ಮುಚ್ಚಿದ, ಆಳವಿಲ್ಲದ ನೀರು. ನಡತೆಯಲ್ಲಿ ಇದೊಂದು ಸರೋವರವೇ. ಚಳಿಗಾಲದಲ್ಲಿ ಶಮಾಲ್ ಎಂದು ಇಲ್ಲಿ ಕರೆಯುವ ವಾಯವ್ಯದ ಗಾಳಿ ಎರಡು ದಿನ ಬಿಡದೆ ಬೀಸಿದರೆ ಪಕ್ಕದ ಮುಹರ್ರಕ್ ದ್ವೀಪದ ಉತ್ತರ ದಂಡೆಯಲ್ಲಿ ಅಂಥದೇ ಅಲೆ ಏಳಲೇಬೇಕು. ಇಲ್ಲಿ ನಿಲ್ಲಬಲ್ಲವಳು ಅಲ್ಲಿಯೂ ನಿಲ್ಲಬಲ್ಲಳು.

"ಒಂದೇ ವ್ಯತ್ಯಾಸ," ಎಂದೆ. "ಈ ಕೊಲ್ಲಿಯ ನೀರು ಬಹಳ ಉಪ್ಪು, ನಿನ್ನನ್ನು ಎತ್ತಿ ಹಿಡಿಯುತ್ತದೆ. ಸಿಹಿನೀರು ಅಷ್ಟು ಎತ್ತುವುದಿಲ್ಲ. ನೂರಕ್ಕೆ ಸುಮಾರು ಮೂರರಷ್ಟು ಕಡಿಮೆ. ಹಲಗೆಯೂ ನೀನೂ ಸೇರಿ ಅರವತ್ತೈದು ಕಿಲೋ ಇದ್ದರೆ, ಎರಡು ಕಿಲೋ ಹೆಚ್ಚಾದಂತೆ ಅನಿಸುತ್ತದೆ."

"ಹಾಗಾದ್ರೆ ಕೆನಡಾಕ್ಕೆ ಹೋದ ಕೂಡಲೇ ನಾನು ದಪ್ಪ ಆಗ್ತೇನೆ. ಲೀನಕ್ಕ, ಕೇಳಿದ್ರಾ ನಿಮ್ಮ ಗಂಡ ಹೇಳುದು?"

ಲೀನಾ ಎದ್ದುಹೋಗಿ ಕಿಟಕಿಯ ಪರದೆ ಸರಿಸಿದಳು. "ಹೇಳ್ಲಿ," ಎಂದಳು. "ನಾಲ್ಕು ತಿಂಗಳಿನಿಂದ ಇಷ್ಟು ಮಾತು ನಾನೇ ಕೇಳಿಲ್ಲ."

ಆ ಎರಡು ಕಿಲೋವನ್ನು ಶರಲ್‌ಳ ಸೊಂಟಕ್ಕೆ ಕಟ್ಟಿ, ಉಪ್ಪುನೀರನ್ನೇ ಸಿಹಿನೀರು ಮಾಡಿ ಪರೀಕ್ಷಿಸಬೇಕೆಂಬುದು ನನ್ನ ಯೋಜನೆ. ಮರಳು ತುಂಬಿದ ಪಟ್ಟಿ ಒಳ್ಳೆಯದೆನಿಸಿತು. ಆದರೆ ಮರಳೂ ನೀರಿನೊಳಗೆ ತನ್ನ ಭಾರದಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ. ಅದನ್ನೂ ಹಿಡಿದರೆ ಮೂರೂಕಾಲು ಕಿಲೋ ಬೇಕು. ಮರುದಿನವೇ ಲೆಕ್ಕದ ಚೀಟಿ ಹಿಡಿದು ಹಸನಬ್ಬನವರ ಅಂಗಡಿಗೆ ಇಳಿದೆ. ಉಳ್ಳಾಲದ ಕಡೆಯ ಬ್ಯಾರಿ ಅವರು. ಇಲ್ಲಿನ ಮನೆಗಳ ಮಜ್ಲಿಸ್‌ಗೆ, ಅಂದರೆ ಅತಿಥಿಗಳು ಕೂರುವ ಕೋಣೆಗೆ, ಗೋಡೆಯುದ್ದಕ್ಕೂ ದಿಂಬು ಹಾಸು ಹೊಲಿಯುವುದು ಅವರ ಕಸುಬು. ಸ್ಪಂಜನ್ನು ಆರಿಸುವಾಗ ಕೈಯಿಂದ ಒತ್ತುವುದಿಲ್ಲ. ಮೊಣಕಾಲೂರಿ ಕಣ್ಣು ಮುಚ್ಚಿ, ಅದು ಮೇಲೇಳುವ ವೇಗವನ್ನು ಎಣಿಸುತ್ತಾರೆ. ಶರಲ್ ಯಾರೋ ಊರು ಬಿಟ್ಟು ಹೋಗುವವರಿಂದ ಪಡೆದಿಟ್ಟಿದ್ದ ಹರುಕು ಹಲಗೆಗೂ ಅದೇ ಪರೀಕ್ಷೆ ನಡೆಯಿತು. ಸೀಳನ್ನು ಗೋಂದು ಹಾಕಿ ಮುಚ್ಚಿದರು. ಆಮೇಲೆ ಮಜ್ಲಿಸ್ ದಿಂಬಿನಲ್ಲಿ ಉಳಿದಿದ್ದ ಕೆಂಪು ಕಪ್ಪು ಪಟ್ಟೆಯ ಬಟ್ಟೆಯಿಂದ ಆರು ಕಿಸೆಗಳ ಸೊಂಟಪಟ್ಟಿ ಹೊಲಿದರು.

"ಇಷ್ಟು ವರ್ಷ ಜನರನ್ನು ಮೆತ್ತಗೆ ಕೂರಿಸ್ತಾ ಬಂದೆ ಸಾರ್," ಎಂದರು. "ಮುಳುಗಿಸ್ಲಿಕ್ಕೆ ಅಂತ ಹೊಲಿಯುದು ಇದೇ ಮೊದಲು."

"ಮುಳುಗುವ ಹಾಗಾದ್ರೆ ಒಂದೇ ಎಳೆತಕ್ಕೆ ಬಿಚ್ಚಿ ಬರ್ಬೇಕು," ಎಂದು ಲೀನಾ ಫೋನಿನಲ್ಲೇ ಕರಾರು ಹಾಕಿದಳು. ಗಂಟಿನ ಬದಲು ಅಂಟುವ ಪಟ್ಟಿ ಬಂತು.

ಜನವರಿ 11, ಶುಕ್ರವಾರ. ಹಿಂದಿನ ದಿನದಿಂದ ಶಮಾಲ್ ಬೀಸುತ್ತಿತ್ತು. ಗಾಳಿ ಬೆಳಿಗ್ಗೆ ಹತ್ತರ ಹೊತ್ತಿಗೆ ಅತಿ ಜೋರಾಗುವುದೆಂದು ಗುರುತಿಸಿ, ಅದಕ್ಕೆ ಸರಿಯಾಗಿ ಹೊರಟೆವು. ಹಸನಬ್ಬನವರ ಪಿಕಪ್ಪಿನ ಹಿಂದೆ ಹಲಗೆ ಮಲಗಿತ್ತು. ಸೇತುವೆಯ ಮೇಲೆ ಗಾಡಿ ಗಾಳಿಗೆ ಪಕ್ಕಕ್ಕೆ ಸರಿಯುತ್ತಿತ್ತು. ಲೀನಾ ಒಂದು ಫ್ಲಾಸ್ಕ್ ತುಂಬ ಸುಲೈಮಾನಿ ಚಹಾ ಮಾಡಿ ಹಿಡಿದಿದ್ದಳು. ಅದನ್ನೆಲ್ಲ ಇಳಿಸಿಕೊಂಡು ದಂಡೆಯ ಏರಿ ಹತ್ತಿ ನಿಂತರೆ, ಎದುರಿಗೆ ಸಮುದ್ರವೇ ಇರಲಿಲ್ಲ.

ಕಣ್ಣು ಹೋಗುವಷ್ಟು ದೂರ ಒದ್ದೆ ಕಲ್ಲು, ಕೆಸರು, ಪಾಚಿ. ತುಂಬ ಆಚೆ ಒಂದು ಬಿಳಿಯ ಗೆರೆ. ಅಷ್ಟು ಲೆಕ್ಕ ಹಾಕಿದ ನಾನು ಇಳಿತವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಜಲಾಶಯದಲ್ಲಿ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಮೂವತ್ತಮೂರು ವರ್ಷ ನನ್ನ ನೀರು ಇದ್ದಲ್ಲೇ ಇತ್ತು.

ಹಸನಬ್ಬ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದರು. "ಶುಕ್ರವಾರ ಅಲ್ವಾ ಸಾರ್. ಸಮುದ್ರಕ್ಕೂ ರಜೆ."

"ಬಾವ, ಭರತ ಇಳಿತ ಯಾವಾಗ ಅಂತ ನಮ್ಮೂರಲ್ಲಿ ಮೀನು ಮಾರುವವರನ್ನು ಕೇಳಿದ್ರೂ ಹೇಳ್ತಾರೆ," ಎಂದಳು ಶರಲ್. ಮೈಗಂಟಿದ ರಬ್ಬರ್ ಉಡುಪು, ಕೆಂಪು ಪಟ್ಟಿ, ಕೈಯಲ್ಲಿ ಹಲಗೆ. ಆ ಕೆಸರಿನ ಅಂಚಿನಲ್ಲಿ ಯಾವುದೋ ಮೆರವಣಿಗೆಗೆ ತಡವಾಗಿ ಬಂದವಳಂತೆ ನಿಂತಿದ್ದಳು. "ಘಟ್ಟದವರಿಗೆ ಸಮುದ್ರವೂ ಕೆರೆಯೇ."

ನಾಲ್ವರೂ ಪಿಕಪ್ಪಿನ ಮರೆಯಲ್ಲಿ ಕೂತು ಸುಲೈಮಾನಿ ಕುಡಿದೆವು. ನನ್ನ ಕಿವಿ ಬಿಸಿಯಾಗಿತ್ತು. ಎದುರಿಗಿದ್ದ ಹೆಂಗಸಿನ ಮುಂದಿನ ಬದುಕು ನನ್ನ ಮಾತಿನ ಮೇಲೆ ನಿಂತಿದೆ, ನಾನು ಮೊದಲ ಪಾಠವನ್ನೇ ಮರೆತವನು ಎಂಬ ನಾಚಿಕೆ. "ಇನ್ನೊಂದು ವಾರ ಸಮಯ ಕೊಡು," ಎಂದೆ. "ತಿಂಗಳು ಮುಗಿಯಲು ಇನ್ನೂ ಇಪ್ಪತ್ತು ದಿನ ಉಂಟು ಬಾವ," ಎಂದಳು. "ನೀವು ಅಳೆಯಿರಿ. ನಾನು ಬರ್ತೇನೆ."

ನೋಟುಪುಸ್ತಕದಲ್ಲಿ ಆ ವಾರಕ್ಕೆ ಒಂಬತ್ತು ಪುಟಗಳಿವೆ. ಹಸನಬ್ಬ ಕೊಟ್ಟ ಮರದ ಪಟ್ಟಿಗೆ ಕೆಂಪು ಬಿಳಿ ಗುರುತು ಬಳಿದು, ದಿನವೂ ಬಸ್ಸು ಹಿಡಿದು ಮುಹರ್ರಕ್‌ಗೆ ಹೋಗಿ, ಅದನ್ನು ಕಲ್ಲಿನ ಸಂದಿಯಲ್ಲಿ ನಿಲ್ಲಿಸಿ ನೀರಿನ ಮಟ್ಟವನ್ನು ಅರ್ಧ ಗಂಟೆಗೊಮ್ಮೆ ಬರೆದುಕೊಂಡೆ. ತಲೆಯ ಮೇಲೆ ವಿಮಾನಗಳು ಚಕ್ರ ಇಳಿಸಿಕೊಂಡು ಹಾದುಹೋಗುತ್ತಿದ್ದವು. ಬಿಸಿಲು ಇತ್ತು, ಆದರೆ ಗಾಳಿ ಅದರ ಕಾವನ್ನೆಲ್ಲ ಒಯ್ದುಬಿಡುತ್ತಿತ್ತು. ತಿಳಿದದ್ದು ಇಷ್ಟು: ಗಾಳಿ ಅತಿ ಜೋರಾಗಿರುವಾಗ ಅಲೆ ಚೂರುಚೂರಾಗಿರುತ್ತದೆ. ಗಾಳಿ ಇಳಿಯತೊಡಗಿದ ಮೇಲೆ, ನೀರು ಏರುತ್ತಿರುವಾಗ, ಸುಮಾರು ಎರಡು ಗಂಟೆಗಳ ಕಾಲ ಅವು ಸಾಲು ಹಿಡಿಯುತ್ತವೆ. ಸಂಜೆ ಮನೆಗೆ ಬರುವಾಗ ಹಸಿವಾಗಿರುತ್ತಿತ್ತು. ಲೀನಾ ಕೇಳದೆಯೇ ಎರಡನೆಯ ಸಲ ಬಡಿಸುತ್ತಿದ್ದಳು.

ಜನವರಿ 18ರಂದು ಪೂಜೆ ಮುಗಿಸಿ ನಾವು ತಲುಪಿದಾಗ ನೀರು ಏರಿಗೆ ಹತ್ತು ಮಾರಿನಷ್ಟು ಹತ್ತಿರ ಬಂದಿತ್ತು. ಅಲೆಗಳು ಸೊಂಟದೆತ್ತರ, ಬೂದು ಹಸಿರು, ನಾಲ್ಕೈದು ಸೆಕೆಂಡಿಗೊಂದು. ಶರಲ್ ಸೊಂಟದ ಪಟ್ಟಿ ಬಿಗಿದುಕೊಂಡಳು. ಆಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಓಡಿದಳು.

ಏಳು ಸಲ ಬಿದ್ದಳು. ಇಲ್ಲಿ ಅಲೆಗೆ ಬೆನ್ನಿಲ್ಲ, ಎದ್ದು ನಿಲ್ಲುವಷ್ಟರಲ್ಲಿ ಮುಗಿದುಹೋಗುತ್ತದೆ ಎಂದು ದಡಕ್ಕೆ ಬಂದು ಬೈದಳು. ಪಟ್ಟಿ ಎಳೆಯುತ್ತದೆ ಎಂದಳು. ತುಟಿ ನೀಲಿಯಾಗಿತ್ತು. "ಅಲ್ಲಿ ಇದಕ್ಕಿಂತ ತಣ್ಣಗಿರುತ್ತದೆ," ಎಂದೆ ನಾನು. "ಬಾಯಿ ಮುಚ್ಚಿ ಬಾವ," ಎಂದು ಮತ್ತೆ ಹೋದಳು. ಎಂಟನೆಯದಕ್ಕೆ ಮೊದಲಿಗಿಂತ ಬೇಗ ಎದ್ದಳು; ಮೂಲ್ಕಿಯಲ್ಲಿ ಕಲಿತ ಕಾಯುವಿಕೆಯನ್ನು ಬಿಟ್ಟುಕೊಟ್ಟವಳಂತೆ. ಎದ್ದು, ಮೊಣಕಾಲು ಮಡಿಸಿ, ಆ ಕೆಂಪು ಪಟ್ಟಿಯ ಸಮೇತ ನಮ್ಮ ಕಡೆಗೇ ಬಂದಳು. ಹಸನಬ್ಬ ಲುಂಗಿ ಮಡಚಿ ನೀರಿಗಿಳಿದು ಎರಡೂ ಕೈ ಚಾಚಿ ನಿಂತರು, ನೆಂಟರನ್ನು ಬರಮಾಡಿಕೊಳ್ಳುವ ಹಾಗೆ.

ಆಮೇಲೆ ನಡೆದದ್ದು ಯೋಜನೆಯಲ್ಲಿರಲಿಲ್ಲ. ಅವಳು ಬಂದವಳೇ ನನ್ನ ಕೈಯಿಂದ ನೋಟುಪುಸ್ತಕ ತೆಗೆದು ಲೀನಾಳಿಗೆ ಕೊಟ್ಟಳು. "ಈಗ ನೀವು."

"ನನಗೆ ಈಜು ಬರುವುದಿಲ್ಲ."

"ಸೊಂಟದಷ್ಟು ನೀರು. ಇಬ್ಬರು ನರ್ಸು ಇದ್ದೇವೆ. ಇನ್ನೆಂತ ಬೇಕು?"

ಸ್ವೆಟರ್ ತೊಟ್ಟುಕೊಂಡೇ ಇಳಿದೆ. ಆ ತಣ್ಣೀರು ಹೊಟ್ಟೆಗೆ ತಾಗಿದಾಗ ನನಗೆ ಗೊತ್ತಿದ್ದ ಸೂತ್ರಗಳೆಲ್ಲ ತಲೆಯಿಂದ ಹಾರಿಹೋದವು. ಹಲಗೆಯ ಮೇಲೆ ಬೋರಲು ಮಲಗಿಸಿದಳು. "ಏಳ್ಬೇಡಿ. ಮಲಗಿಯೇ ಬನ್ನಿ," ಎಂದು ಬೆನ್ನಿಗೆ ಕೈಯಿಟ್ಟು ಕಾದಳು, ತಳ್ಳಿದಳು. ಹಿಂದಿನಿಂದ ಏನೋ ನನ್ನನ್ನು ಎತ್ತಿಕೊಂಡಿತು. ಮೂವತ್ತಮೂರು ವರ್ಷ ನಾನು ಗೋಡೆಗೆ ಬಡಿಯುವ ಅಲೆಗಳನ್ನು ಅಳೆದವನು. ಎಲ್ಲವನ್ನೂ ಎದುರಿನಿಂದ ನೋಡಿದವನು. ಅಲೆ ಹೋಗುವ ಕಡೆಗೇ ಅಲೆಯ ಜೊತೆ ಹೋಗುವುದೆಂದರೇನೆಂದು ಆ ಏಳೆಂಟು ಸೆಕೆಂಡುಗಳಲ್ಲಿ ತಿಳಿಯಿತು. ಗಲ್ಲ ಮರಳಿಗೆ ಉಜ್ಜಿ ನಿಂತೆ. ಲೀನಾ ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಗಾಳಿಗೆ ಮರಳು ಹಾರಿತೆಂದಳು.

ಟವಲಿನಲ್ಲಿ ತಲೆ ಒರೆಸುತ್ತ ಶರಲ್ ಅಂದಳು: "ಆಯ್ತು ಬಾವ. ಕೆರೆಯಲ್ಲೂ ಆಗ್ತದೆ. ನಾನು ಹೋಗ್ತೇನೆ."

ಪುಟ ನಲವತ್ತೊಂದರಲ್ಲಿ, ಒದ್ದೆ ಕೈಯಿಂದ ಹರಡಿದ ಶಾಯಿಯಲ್ಲಿ ಹೀಗಿದೆ: ‘ಬೆಳಿಗ್ಗೆ 11.20. ಶ. ತೀರ್ಮಾನಿಸಿದಳು.’

ಅವಳು ಮೇ ತಿಂಗಳಲ್ಲಿ ಹೊರಟಳು. ಆ ವರ್ಷದ ಚಳಿಗಾಲದಲ್ಲಿ ಒಂದು ಚಿತ್ರ ಕಳಿಸಿದಳು. ಹಿಮ ಮೆತ್ತಿದ ದಂಡೆ, ಕಪ್ಪು ಉಡುಪಿನಲ್ಲಿ ಕಣ್ಣು ಮೂಗು ಮಾತ್ರ ಕಾಣುವ ಹೆಂಗಸು, ಸೊಂಟದಲ್ಲಿ ಖಾಲಿ ಕಿಸೆಗಳ ಕೆಂಪು ಪಟ್ಟಿ. ಕೆಳಗೆ ಬರೆದಿದ್ದಳು: ‘ಮರಳು ಇಲ್ಲದೆ ಅಷ್ಟೇ ಭಾರ. ಲೆಕ್ಕ ಸರಿ ಉಂಟು.’ ನಾನು ಆ ಮರದ ಪಟ್ಟಿಯೊಂದಿಗೆ ಇಂದಿಗೂ ವಾರಕ್ಕೆರಡು ಸಲ ಮುಹರ್ರಕ್‌ಗೆ ಹೋಗುತ್ತೇನೆ. ನನ್ನ ಉಬ್ಬರ ಇಳಿತದ ಪಟ್ಟಿಯನ್ನು ಕೇಳಿ ಪಡೆಯುವ ಮೀನುಗಾರರೂ ಕೆಲವರಿದ್ದಾರೆ. ಇಷ್ಟು ವರ್ಷವೂ, ಕೆಲಸವಿಲ್ಲವೆಂದು ಚೀಟಿಯಲ್ಲಿ ಬರೆಸಿಕೊಂಡವನು ಒಬ್ಬಳ ಬದುಕಿನ ದಾರಿ ತೋರಿಸಿದೆ ಎಂಬ ಒಂದು ಸಣ್ಣ ಹೆಮ್ಮೆ ನನ್ನ ಜೊತೆಗಿತ್ತು. ಕೇಳಿದವರಿಗೆಲ್ಲ ಹೇಳಿದ್ದೇನೆ.

ನಿನ್ನೆ ಮಧ್ಯಾಹ್ನ ಶರಲ್‌ಳ ಕಾಗದಗಳಲ್ಲಿ ಕೊನೆಯ ಕಂತನ್ನು ತೆರೆದೆ. ಕೆನಡಾದ ಕೆಲಸವನ್ನು ಒಪ್ಪಿಕೊಂಡ ಪತ್ರ ಅದರಲ್ಲಿತ್ತು. ಅವಳ ಸಹಿಯ ಕೆಳಗೆ ದಿನಾಂಕ: 2019, ಜನವರಿ 3. ಅಂದರೆ ಅವಳು ನೆವ್ರಿ ಕಡಿಯುತ್ತ ಕೆರೆಯ ಅಲೆಯ ಬಗ್ಗೆ ಕೇಳಿದ್ದರ ಹಿಂದಿನ ದಿನ. ತಿಂಗಳನ್ನು ಮೊದಲು ಬರೆಯುವ ಆ ದೇಶದ ಪದ್ಧತಿಯಿಂದ ಅದು ಮಾರ್ಚ್ ಒಂದು ಆಗಿರಬಹುದೇ ಎಂದು ನೋಡಿದೆ. ಇಲ್ಲ, ತಿಂಗಳು ಅಕ್ಷರದಲ್ಲಿದೆ. ಪತ್ರ ತಲುಪಿದ್ದಕ್ಕೆ ಹಾಕಿದ ಮುದ್ರೆಯಲ್ಲಿ ಜನವರಿ 6 ಎಂದಿದೆ. ಸಹಿ ಹಾಕಿದ ಮೇಲೂ ಒಬ್ಬರಿಗೆ ಹೆದರಿಕೆ ಉಳಿದಿರಬಹುದು, ಅದಕ್ಕಾಗಿಯೇ ಕೇಳಿರಬಹುದು ಎಂಬ ಸಾಧ್ಯತೆಯನ್ನೂ ಬರೆದುಕೊಂಡೆ. ಆಮೇಲೆ ಪುಟದ ತಳಕ್ಕೆ ಬಂದೆ. ಸಾಕ್ಷಿಯ ಜಾಗದಲ್ಲಿ ಇನ್ನೊಂದು ಸಹಿಯಿತ್ತು. ಕೊನೆಯ ಅಕ್ಷರದಿಂದ ಗೆರೆಯನ್ನು ಹಿಂದಕ್ಕೆಳೆದು ಎರಡು ಚುಕ್ಕೆಯಿಡುವ ಆ ಸಹಿಯನ್ನು ನಮ್ಮ ಮದುವೆಯ ದಫ್ತರಿನಲ್ಲಿ ನನ್ನ ಸಹಿಯ ಪಕ್ಕದಲ್ಲೇ ಮೊದಲು ನೋಡಿದ್ದೆ.

ಲೀನಾ ನಾಲ್ಕು ಗಂಟೆಗೆ ಕೆಲಸ ಮುಗಿಸಿ ಬಂದಳು. ಚಪ್ಪಲಿ ಬಿಡುತ್ತ ಕೇಳಿದಳು, "ಶರಲ್‌ದು ಎಲ್ಲ ನೋಡಿ ಆಯ್ತಾ?"

"ಆಯಿತು. ಅವಳ ದಿನಾಂಕಗಳೆಲ್ಲ ಸರಿಯಾಗಿವೆ."

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಸುಲೈಮಾನಿಗೆ ನೀರಿಡಲು ಒಳಗೆ ಹೋದಳು. ನಾನು ನೋಟುಪುಸ್ತಕವನ್ನು ನಲವತ್ತೊಂದನೆಯ ಪುಟಕ್ಕೆ ತೆರೆದೆ. ಹನ್ನೊಂದು ಇಪ್ಪತ್ತರ ಸಾಲನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ, ಆ ದಿನದ ದಿನಾಂಕ ಹಾಕಿ ಇಷ್ಟು ಸೇರಿಸಿದೆ: ‘ಜನವರಿ 3ರ ಪತ್ರ ಇದನ್ನು ಒಪ್ಪುವುದಿಲ್ಲ. ಸಾಕ್ಷಿ: ಲೀನಾ.’